ಸುರಪುರದ ಕಲ್ಲಿನ ಮನೆಗೆ ಎಷ್ಟು ವ್ಯಾಟ್ ಬೇಕು?

ಬಹಳ ದಿನ ಆಯ್ತು ಏನೂ ಬರೀದೆ. ಕೆಲಸ, ಓಡಾಟ, ಮಾಮೂಲಿ ಸೋಮಾರಿತನ... ಕಾರಣ ಹುಡುಕಿದರೆ ಬೇಕಾದಷ್ಟಿವೆ. ಇವತ್ತು ಬರೀತಿರೋದು ಆಂಪ್ಲಿಫೈಯರ್ ಬಗ್ಗೆ. "ಅಯ್ಯೋ ಟೆಕ್ನಿಕಲ್ಲು" ಅಂತ ಈಗಲೇ ಓಡಿಹೋಗಬೇಡಿ. ನಡುವೆ ಒಂದಿಷ್ಟು ಲೆಕ್ಕ ಬರುತ್ತೆ ನಿಜ, ಆದರೆ ಗುಣಾಕಾರ ಭಾಗಾಕಾರ ಬಂದರೆ ಸಾಕು :-)

ವಿಷಯ ಇಷ್ಟು. ಮೇ ತಿಂಗಳಲ್ಲಿ ಸುರಪುರದ ನಮ್ಮ ಮನೆಯ ಆಂಪ್ಲಿಫೈಯರ್ ಕೆಟ್ಟಿತು. ಮೊದಲು ಹಿಂದಿನಿಂದ ಗುಂಯ್ ಅನ್ನೋ ಸದ್ದು ಶುರುವಾಯಿತಂತೆ, ಆಮೇಲೆ ಎಡಗಡೆ ಸ್ಪೀಕರ್ ಪೂರ್ತಿ ಬಂದ್. ಅಪ್ಪ ರಿಟೈರ್ಡ್ ಮಾಸ್ತರ್. ದಿನಾ ಸಂಜೆ ಮಲ್ಲಿಕಾರ್ಜುನ ಮನ್ಸೂರ್, ಭೀಮಸೇನ ಜೋಶಿ, ಸಿದ್ಧರಾಮ ಜಂಬಲದಿನ್ನಿ, ಈ ಮೂವರಲ್ಲಿ ಒಬ್ಬರು ಮನೆಯಲ್ಲಿ ಹಾಡಲೇಬೇಕು. ಎರಡು ವಾರ ಹಾಡು ಇಲ್ಲ. ಫೋನಿನಲ್ಲಿ ಅಪ್ಪ ಹೆಚ್ಚೇನೂ ಹೇಳಲಿಲ್ಲ. "ಮನಿ ಭಣಭಣ ಅನಸ್ತದ ನೋಡು" ಅಂದರು, ಅಷ್ಟೇ. ಅಮ್ಮ ಹೋದ ಮೇಲೆ ಅವರು ಹಾಗಂದದ್ದು ಅದೇ ಎರಡನೇ ಸಲ. ಆ ರಾತ್ರಿಯೇ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಯಾದಗಿರಿಯಲ್ಲಿ ಇಳಿದೆ.

ಊರು ಮುಟ್ಟುವ ಹೊತ್ತಿಗೆ ಮನೆಯಲ್ಲಿ ಮೂರು ಪಾರ್ಟಿ ಆಗಿದ್ದವು.

ಒಂದನೇ ಪಾರ್ಟಿ ನಮ್ಮ ಅಳಿಯ, ಅಕ್ಕನ ಮಗ. ಹತ್ತೊಂಬತ್ತು ವರ್ಷ. ಶಹಾಪುರದಲ್ಲಿ ಡಿಜೆ ಗಾಡಿಯವರ ಜೊತೆ ಶನಿವಾರ ಭಾನುವಾರ ಕೆಲಸಕ್ಕೆ ಹೋಗ್ತಾನೆ. "ಮಾಮಾ, ಸೆಕೆಂಡ್ ಹ್ಯಾಂಡ್ ಸಾವಿರ ವ್ಯಾಟಿಂದು ಬಂದದ, ಅಗ್ಗಕ್ಕ ಕೊಡಸ್ತೀನಿ. ಅಜ್ಜನ ಹಾಡು ಬೆಟ್ಟದ ಮ್ಯಾಲಿನ ಟೇಲರ್ ಮಂಜಿಲ್ ತನಕ ಕೇಳಬೇಕು!"

ಎರಡನೇ ಪಾರ್ಟಿ ನಾನು. ಬೆಂಗಳೂರಿನಿಂದ ಬ್ಯಾಗಿನಲ್ಲಿ ಅಂಗೈ ಅಗಲದ ಕ್ಲಾಸ್ ಡಿ ಡಬ್ಬಿಯೊಂದನ್ನು ತಂದಿದ್ದೆ. ಟಿಪಿಎ3116 ಚಿಪ್ಪು, ಲ್ಯಾಪ್‌ಟಾಪಿನದರಂಥ ಅಡಾಪ್ಟರು. ಡಬ್ಬಿಯ ಮೇಲೆ "100+100 ವ್ಯಾಟ್" ಅಂತ ಬರೆದಿತ್ತು.

ಮೂರನೇ ಪಾರ್ಟಿ ಶಹಾಪುರದ ಉಸ್ತಾದರು. ನಮ್ಮ ಹಳೇ ಆಂಪ್ಲಿಫೈಯರನ್ನು 1996ರಲ್ಲಿ ಕೈಯಾರೆ ಕಟ್ಟಿಕೊಟ್ಟವರು ಅವರೇ. ಈಗ ಎಪ್ಪತ್ತು ದಾಟಿದೆ. ಅಂಗಡಿ ಮಗ ನೋಡಿಕೊಳ್ತಾನೆ (ರಿಪೇರಿ ಅಂಗಡಿಯಲ್ಲ, ಡಿಜೆ ಬಾಡಿಗೆಯದು), ಮೂಲೆಯ ಒಂದು ಟೇಬಲ್ ಮಾತ್ರ ಇನ್ನೂ ಉಸ್ತಾದರದು. ಅವರದು ಒಂದೇ ಮಾತು: "ಒಗೀಬ್ಯಾಡ್ರಿ ಮಾಸ್ತರ್ರ. ಎರಡು ಕೆಪ್ಯಾಸಿಟರ್, ಒಂದು ಜೋಡಿ ಟ್ರಾನ್ಸಿಸ್ಟರ್ ಹ್ವಾಗ್ಯಾವ. ಜೀವ ಇನ್ನೂ ಅದ."

ಅಪ್ಪ ಯಾವ ಪಾರ್ಟಿಯೂ ಅಲ್ಲ. ಅವರಿಗೆ ಮನ್ಸೂರ್ ಬೇಕು, ಅಷ್ಟೇ.

ಮೊದಲು ವ್ಯಾಟ್ ಅನ್ನೋ ಮಾಯೆಯ ಬಗ್ಗೆ ಹೇಳಿಬಿಡ್ತೀನಿ. ನಮ್ಮಲ್ಲಿ ಹೆಚ್ಚಿನವರು ಆಂಪ್ಲಿಫೈಯರ್ ಕೊಳ್ಳೋದು ಮುಂದೆ ಬರೆದ ಅಂಕಿ ನೋಡಿ. ಹಿಂದೆ ಕಾಲೇಜು ದಿನಗಳಲ್ಲಿ ಕಂಪ್ಯೂಟರ್ ಸ್ಪೀಕರಿನ ಮೇಲೆ "2000 ವ್ಯಾಟ್ ಪಿಎಂಪಿಓ" ಅಂತ ಇರ್ತಿತ್ತಲ್ಲ, ನೆನಪಿದೆಯಾ? ಅದರೊಳಗೆ ಸಣ್ಣದೊಂದು ಟ್ರಾನ್ಸ್‌ಫಾರ್ಮರು. ಬಾವಿಯಲ್ಲಿ ಇರೋದಕ್ಕಿಂತ ಹೆಚ್ಚು ನೀರು ಕೊಡದಲ್ಲಿ ಬರುತ್ತಾ? ನೋಡಬೇಕಾದದ್ದು ಡಬ್ಬಿಯ ಮುಂದಲ್ಲ, ಹಿಂದೆ. ಅಡಾಪ್ಟರ್ 12 ವೋಲ್ಟ್ 2 ಆಂಪಿಯರ್ ಅಂತಿದ್ದರೆ ಗುಣಿಸಿ, 24 ವ್ಯಾಟ್. ಎರಡೂ ಸ್ಪೀಕರ್ ಸೇರಿ ಅದಕ್ಕಿಂತ ಹೆಚ್ಚು ನಿರಂತರವಾಗಿ ಬರೋಕೆ ಸಾಧ್ಯವೇ ಇಲ್ಲ.

ನನ್ನ ಡಬ್ಬಿಯದೂ ಅದೇ ಕತೆ. ಅಡಾಪ್ಟರ್ 24 ವೋಲ್ಟಿನದು. ನಮ್ಮ ಸ್ಪೀಕರ್ 8 ಓಮ್. ಎಷ್ಟೇ ಕುಣಿದರೂ 24 ವೋಲ್ಟಿನ ಮೇಲೆ ಹೋಗಲಾರದು. 24ರ ವರ್ಗ 576, ಅದನ್ನು 8ರ ಎರಡರಷ್ಟರಿಂದ, ಅಂದರೆ 16ರಿಂದ ಭಾಗಿಸಿದರೆ 36. ಒಳಗಿನ ಸೋರಿಕೆ ಕಳೆದರೆ 30ರ ಆಸುಪಾಸು. ಇನ್ನು ಉಸ್ತಾದರ ಹಳೇ ಪೆಟ್ಟಿಗೆ? 18-0-18 ಟ್ರಾನ್ಸ್‌ಫಾರ್ಮರ್, ಒಳಗೆ ಪ್ಲಸ್ ಮೈನಸ್ ಸುಮಾರು 25 ವೋಲ್ಟ್ ಡಿಸಿ, ಔಟ್‌ಪುಟ್ಟಿಗೆ 3055-2955 ಜೋಡಿ. ಲೆಕ್ಕ ಹಾಕಿದರೆ ಅದೂ 30 ವ್ಯಾಟ್! ಹೊಸದರ ಮೇಲೆ ನೂರು ಅಂತ ಬರೆದಿದೆ, ಹಳೇದರ ಮೇಲೆ ಏನೂ ಬರೆದಿಲ್ಲ. ಅಷ್ಟೇ ವ್ಯತ್ಯಾಸ.

ನಾನು ಇದನ್ನು ಕಾಗದದ ಮೇಲೆ ಬಿಡಿಸಿ ತೋರಿಸಿದಾಗ ಉಸ್ತಾದರು ಕನ್ನಡಕ ಮೇಲೆತ್ತಿ, "ಅಂದ್ರ ನಿಂದೂ ನಂದೂ ಒಂದ ತೂಕ ಅನ್ನು" ಅಂದರು. ಹೌದು ಅಂದೆ. "ಮತ್ತ ನಂದು ಯಾಕ ಬದಲಿ ಮಾಡಬೇಕು?" ಅಂದರು. ಉತ್ತರ ಹೊಳೆಯಲಿಲ್ಲ :-(

ಸರಿ, ಕೇಳಿಯೇ ನೋಡೋಣ ಅಂತಾಯಿತು. ಮೊದಲು ಹಳೇದನ್ನು ರಿಪೇರಿ ಮಾಡಬೇಕಲ್ಲ. ನಾನು ಬೆಂಗಳೂರಿನಿಂದ ದೊಡ್ಡ ಕೆಪ್ಯಾಸಿಟರುಗಳನ್ನೂ ತಂದಿದ್ದೆ. ಉಸ್ತಾದರು ಅವನ್ನು ಅಂಗೈಯಲ್ಲಿ ತೂಗಿ ನೋಡಿ ಪಕ್ಕಕ್ಕಿಟ್ಟರು. "ಹಗುರ ಅದಾವ ತಮ್ಮಾ." ಒಂದನ್ನು ಕೊಯ್ದು ನೋಡಿದೆವು. ದೊಡ್ಡ ಡಬ್ಬಿಯೊಳಗೆ ಪುಟ್ಟದೊಂದು ಕೆಪ್ಯಾಸಿಟರ್ ಕೂತಿತ್ತು! ಟ್ರಾನ್ಸಿಸ್ಟರುಗಳಲ್ಲೂ ಇದೇ ಹಾವಳಿ. 3055 ಇರಲಿ, ಈಗ ಎಲ್ಲ ಆಂಪಿನಲ್ಲೂ ಹಾಕುವ 5200-1943 ಜೋಡಿ ಇರಲಿ, ಹೆಸರು ಮಾತ್ರ ಅಸಲಿ ಕಂಪನಿಯದು, ಒಳಗೆ ಚೂರೇ ಚೂರು ಸಿಲಿಕಾನ್. ಕೊನೆಗೆ ಉಸ್ತಾದರು ತಮ್ಮ ಟ್ರಂಕಿನಿಂದ ಹಳೇ ಸ್ಟಾಕು ತೆಗೆದರು.

ಇನ್ನೊಂದು ಮಾತು ಅವರಿಂದ ಕಲಿತೆ. ನಮ್ಮ ಕಡೆ ಕರೆಂಟು ಒಂದು ಮಾತಿಗೆ ನಿಲ್ಲೋದಿಲ್ಲ. ಹೊಲದ ಪಂಪ್‌ಸೆಟ್ಟೆಲ್ಲ ಓಡುವಾಗ 180ಕ್ಕೆ ಇಳಿಯುತ್ತೆ, ಎಲ್ಲ ನಿಂತಾಗ 280ಕ್ಕೂ ಏರಿದ್ದನ್ನು ನಾನೇ ಮೀಟರಿನಲ್ಲಿ ನೋಡಿದ್ದೇನೆ. 180ಕ್ಕೆ ಇಳಿದರೆ ಈ ಹಳೇ ಪೆಟ್ಟಿಗೆಯ 30 ವ್ಯಾಟು 18 ಆಗುತ್ತೆ. ಕಿವಿಗೆ ಅದು ದೊಡ್ಡ ನಷ್ಟವೇನಲ್ಲ, ಎರಡು ಡೆಸಿಬಲ್ ಅಷ್ಟೇ. ಅಪಾಯ ಇರೋದು ಏರಿದಾಗ. ಒಳಗಿನ 25 ವೋಲ್ಟು 30 ದಾಟುತ್ತೆ. ಕಾಸು ಉಳಿಸೋಕೆ 25 ವೋಲ್ಟಿನ ಕೆಪ್ಯಾಸಿಟರ್ ಹಾಕಿದ್ದರೆ ಢಬ್! ಉಸ್ತಾದರು 1996ರಲ್ಲೇ 50 ವೋಲ್ಟಿನದು ಹಾಕಿದ್ದರು. ಸ್ಪೀಕರಿನ ದಾರಿಯಲ್ಲಿ ಒಂದು ರಿಲೇ ಕೂಡ ಇಟ್ಟಿದ್ದರು. ಈ ಸಲ ಟ್ರಾನ್ಸಿಸ್ಟರ್ ಶಾರ್ಟ್ ಆದಾಗ ಡಿಸಿ ನುಗ್ಗಿ ಸ್ಪೀಕರ್ ಸುಡದೆ ಉಳಿದದ್ದು ಅದರಿಂದಲೇ. ನೀವು ಯಾರ ಹತ್ತಿರವಾದರೂ ಆಂಪ್ ಕಟ್ಟಿಸಿದರೆ ಈ ಎರಡು ಕೇಳಿ. ವ್ಯಾಟ್ ಆಮೇಲೆ ಕೇಳಿ.

ಭಾನುವಾರ ಪರೀಕ್ಷೆ ಇಟ್ಟೆವು. ಎರಡೂ ಆಂಪ್ ಒಂದೇ ಮೇಜಿನ ಮೇಲೆ, ಅವುಗಳ ಮುಂದೆ ಅಡ್ಡಕ್ಕೆ ಒಂದು ಕೌದಿ. ನಡುವೆ ಸ್ವಿಚ್. (ಮನೆಯಲ್ಲಿ ಹೀಗೆ ಮಾಡುವವರು ಹುಷಾರು: ಈ ಕ್ಲಾಸ್ ಡಿ ಡಬ್ಬಿಗಳಲ್ಲಿ ಸ್ಪೀಕರಿನ ಮೈನಸ್ ಅನ್ನೋದು ಗ್ರೌಂಡ್ ಅಲ್ಲ. ಎರಡು ಮೈನಸ್ ಕೂಡಿಸಿದರೆ ಚಿಪ್ ಹೋದ ಹಾಗೆ. ಪ್ಲಸ್ಸೂ ಮೈನಸ್ಸೂ ಎರಡೂ ಬದಲಾಗುವ ಸ್ವಿಚ್ಚೇ ಬೇಕು.) ಫೋನಿನಿಂದ 400 ಹರ್ಟ್ಸ್ ಸದ್ದು ಕೊಟ್ಟು, ಮಲ್ಟಿಮೀಟರ್ ಹಿಡಿದು, ಎರಡರ ವಾಲ್ಯೂಮನ್ನೂ ಒಂದೇ ವೋಲ್ಟಿಗೆ ತಂದೆ. ಇದು ಬಹಳ ಮುಖ್ಯ. ಸ್ವಲ್ಪವೇ ಜೋರಾಗಿರೋದು ಕಿವಿಗೆ "ಚೆನ್ನಾಗಿದೆ" ಅನಿಸಿಬಿಡುತ್ತೆ. ಅಂಗಡಿಯವರಿಗೆ ಈ ಗುಟ್ಟು ಚೆನ್ನಾಗಿ ಗೊತ್ತು.

ಅಪ್ಪ ಕುರ್ಚಿಯಲ್ಲಿ ಕೂತರು. ಮನ್ಸೂರ್ ಶುರುವಾದರು. ನಾನು ಕೌದಿಯ ಹಿಂದೆ ಕೂತು ಸ್ವಿಚ್ ತಿರುಗಿಸಿದಂತೆ ಮಾಡೋದು, ಕೆಲವೊಮ್ಮೆ ನಿಜಕ್ಕೂ ತಿರುಗಿಸೋದು. ಹತ್ತು ಸಲ. ಅಪ್ಪ ಸರಿ ಹೇಳಿದ್ದು ಐದು, ಉಸ್ತಾದರು ಆರು, ಅಳಿಯ ನಾಲ್ಕು. ಆಮೇಲೆ ಅಳಿಯನನ್ನು ಸ್ವಿಚ್ಚಿಗೆ ಕೂರಿಸಿ ನಾನು ಕೂತೆ. ಐದು! ನಾಣ್ಯ ಚಿಮ್ಮಿದರೂ ಅಷ್ಟೇ ಬರ್ತಿತ್ತು.

ಇದೇನು ಹೊಸ ಸಂಗತಿ ಅಲ್ಲ ಬಿಡಿ. ಅಮೆರಿಕದ ಸ್ಟೀರಿಯೋ ರಿವ್ಯೂ ಪತ್ರಿಕೆ 1987ರ ಜನವರಿಯಲ್ಲಿ ಇಂಥದೇ ದೊಡ್ಡ ಪರೀಕ್ಷೆಯ ವರದಿ ಹಾಕಿತ್ತು. ಇನ್ನೂರು ಚಿಲ್ಲರೆ ಡಾಲರಿನದರಿಂದ ಹನ್ನೆರಡು ಸಾವಿರ ಡಾಲರಿನದರ ತನಕ. ಕಣ್ಣಿಗೆ ಕಾಣದಂತೆ ಇಟ್ಟಾಗ ಕೇಳುಗರ ಉತ್ತರ ಊಹೆಗಿಂತ ಮೇಲೇಳಲಿಲ್ಲ. ಹಾಗಂತ ಎಲ್ಲ ಆಂಪೂ ಒಂದೇ ಅಂತ ನಾನು ಹೇಳ್ತಿಲ್ಲ. ತಾಕತ್ತು ಮೀರಿ ಕಿರುಚಿಸಿದರೆ ಬಣ್ಣ ಬಯಲಾಗುತ್ತೆ. ತೀರಾ ಅಗ್ಗದ ಕ್ಲಾಸ್ ಡಿ ಕೆಲವು ಸ್ಪೀಕರುಗಳ ಜೊತೆ ಮೇಲಿನ ಸ್ವರ ಕೆಡಿಸುತ್ತೆ. ಸರಿಯಾಗಿ ಕಟ್ಟಿದ ಎರಡು ಆಂಪುಗಳು ತಮ್ಮ ಮಿತಿಯೊಳಗೆ ಹಾಡುವಾಗ ಮಾತ್ರ ಈ ಮಾತು.

ಈಗ ಮಿತಿ ಎಷ್ಟು ಅನ್ನೋದಕ್ಕೆ ಬರೋಣ. ಹಾಡು ನಡೀತಿರುವಾಗಲೇ ಸ್ಪೀಕರಿಗೆ ಮೀಟರ್ ಹಿಡಿದೆ. ಪಡಸಾಲೆ ತುಂಬ ಮನ್ಸೂರ್ ಇದ್ದಾರೆ, ಅಡುಗೆಮನೆಯಲ್ಲಿ ಅಕ್ಕ ಕೂಗಿದರೆ ಕೇಳಿಸೋದಿಲ್ಲ. ಮೀಟರಿನಲ್ಲಿ ಒಂದು ವೋಲ್ಟಿನ ಆಚೀಚೆ. ಒಂದರ ವರ್ಗ ಒಂದು, ಅದನ್ನು 8ರಿಂದ ಭಾಗಿಸಿ. ಎಂಟನೇ ಒಂದು ವ್ಯಾಟ್! ನಡುವೆ ತಾನ್ ಏರಿದಾಗ, ತಬಲಾದ ಏಟು ಬಿದ್ದಾಗ ಕ್ಷಣಮಾತ್ರ ಅದರ ನೂರು ಪಟ್ಟು ಬೇಕಾದೀತು ಅಂದುಕೊಳ್ಳಿ. ಆಗಲೂ ಹನ್ನೆರಡು ಹದಿಮೂರು ವ್ಯಾಟ್. 30 ಧಾರಾಳವಾಯಿತು.

ಅಳಿಯ ಒಪ್ಪಲಿಲ್ಲ. "ಸಾವಿರ ಇದ್ರ ಇನ್ನೂ ಮಜಾ ಇರ್ತದಲ್ಲ ಮಾಮಾ?" ಕಿವಿಯ ಲೆಕ್ಕವೇ ಬೇರೆ ಅಂತ ಹೇಳಿದೆ. ವ್ಯಾಟ್ ಎರಡು ಪಟ್ಟು ಮಾಡಿದರೆ ಏರೋದು ಮೂರು ಡೆಸಿಬಲ್, ಏನೋ ಸ್ವಲ್ಪ ಹೆಚ್ಚಾಯಿತು ಅನಿಸುತ್ತೆ. ಸದ್ದು "ಎರಡು ಪಟ್ಟು" ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಸಾವಿರ ವ್ಯಾಟ್ ಇದ್ದರೆ ಕಿವಿಗೆ ಮೂರು ಪಟ್ಟೂ ಆಗದು, ನಮ್ಮ ಸ್ಪೀಕರ್ ಮಾತ್ರ ಬೂದಿ.

ಅವತ್ತು ನಿಜವಾಗಿ ಎಲ್ಲರಿಗೂ ಕೇಳಿಸಿದ ವ್ಯತ್ಯಾಸ ಯಾವುದು ಗೊತ್ತಾ? ಪರೀಕ್ಷೆ ಮುಗಿದ ಮೇಲೆ ಅಕ್ಕ ಕೌದಿ ತೆಗೆದು ಮಡಚಿಟ್ಟಳು. ತಕ್ಷಣ ಅಪ್ಪ, "ಏ, ಏನ್ ಮಾಡಿದಿ? ದನಿ ಚೂಪಾತಲ್ಲ?" ಅಂದರು. ನಮ್ಮದು ಕಲ್ಲಿನ ಗೋಡೆ, ಕೆಳಗೆ ಶಹಾಬಾದ್ ಕಲ್ಲಿನ ನೆಲ, ಮೇಲೂ ಕಲ್ಲೇ. ಈ ಕಡೆಯ ಹಳೇ ಮನೆಗಳೆಲ್ಲ ಹಾಗೇ. ಬೇಸಿಗೆಗೆ ತಂಪು, ಸಂಗೀತಕ್ಕೆ ಬಾವಿ. ಸ್ಪೀಕರಿನಿಂದ ಹೊರಟ ಸದ್ದು ನಾಲ್ಕು ಗೋಡೆಗೂ ಬಡಿದು ಬಡಿದು ಬರುತ್ತೆ. ಆ ಕೌದಿಯನ್ನು ಅಪ್ಪನ ಕುರ್ಚಿಯ ಹಿಂದಿನ ಗೋಡೆಗೆ ತೂಗುಹಾಕಿದೆವು. ಇನ್ನೊಂದನ್ನು ಪಕ್ಕದ ಗೋಡೆಗೆ. ನೆಲಕ್ಕೆ ಜಮಖಾನೆ. ಹತ್ತಿ ಬೆಳೆಯುವ ಸೀಮೆ ನಮ್ಮದು. ಹಿಂದಿನ ಎರಡು ಮೂಲೆಗೆ ಒಂದೊಂದು ಹತ್ತಿ ಚೀಲ ನಿಲ್ಲಿಸಿದೆವು, ಗುಂಯ್‌ಗುಡುತ್ತಿದ್ದ ಕೆಳಸ್ವರ ಒಂದಿಷ್ಟು ತೆಪ್ಪಗಾಯಿತು. ಖರ್ಚು ಸೊನ್ನೆ. ಯಾವ ಆಂಪ್ ಬದಲಿಸಿದ್ದರೂ ಇದರ ಕಾಲುಭಾಗ ಸುಧಾರಣೆ ಬರ್ತಿರಲಿಲ್ಲ. ಈಗ ಮನ್ಸೂರ್ ಉಸಿರು ತಗೊಳ್ಳೋದೂ ಕೇಳುತ್ತೆ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಅವತ್ತು ಇನ್ನೊಂದು ನಡೆಯಿತು, ನಾನು ಈ ಬರಹ ಬರೆಯಲು ಕೂತದ್ದೇ ಅದಕ್ಕಾಗಿ.

ಎಡಗಡೆ ಟ್ವೀಟರ್ ಸರಿಯಿದೆಯಾ ಅಂತ ನೋಡಲು ಫೋನಿನಿಂದ ಸಣ್ಣ ಶಿಳ್ಳೆಯಂಥ ಸದ್ದು ಹಾಕಿದೆ, 6000 ಹರ್ಟ್ಸ್. ಚೆನ್ನಾಗಿಯೇ ಕುಯ್ ಅನ್ನುತ್ತಿತ್ತು. ಉಸ್ತಾದರು ಸ್ಪೀಕರಿಗೆ ಕಿವಿ ಹಚ್ಚಿ ಕೂತಿದ್ದವರು ನನ್ನ ಕಡೆ ತಿರುಗಿ, "ಹಚ್ಚು ತಮ್ಮಾ, ಯಾಕ ನಿಂತಿ?" ಅಂದರು.

ನಾನೂ ಅಳಿಯನೂ ಮುಖ ಮುಖ ನೋಡಿಕೊಂಡೆವು. ವಯಸ್ಸಿಗೆ ಮೇಲಿನ ಸ್ವರ ಹೋಗೋದು ಸಹಜ, ನಿಜ. ಆದರೆ ಉಸ್ತಾದರೇ ಹೇಳಿದರು, ಇದು ವಯಸ್ಸಿನದು ಮಾತ್ರ ಅಲ್ಲ. ಹತ್ತು ಹದಿನೈದು ವರ್ಷ ಮಗನ ಗಾಡಿಯ ಜೊತೆ ಮೆರವಣಿಗೆ, ಮದುವೆ ಅಂತ ತಿರುಗಿ, ಬಾಕ್ಸಿನ ಪಕ್ಕವೇ ನಿಂತು ಆಂಪ್ ಕಾಯ್ದದ್ದರ ಫಲ. ಜೀವನವಿಡೀ ಬೇರೆಯವರಿಗೆ ಹಾಡು ಕೇಳಿಸಿದ ಮನುಷ್ಯ!

ಆಮೇಲೆ ಅಳಿಯನನ್ನು ಮಾಳಿಗೆಗೆ ಕರೆದು ಕೇಳಿದೆ. ಮೊದಲು ಏನಿಲ್ಲ ಅಂದ. ಆಮೇಲೆ, "ಗಾಡಿ ಮುಗಿಸಿ ಬಂದ ರಾತ್ರಿ ಕಿವ್ಯಾಗ ಕುಂಯ್ ಅಂತದ ಮಾಮಾ. ಮುಂಜಾನಿ ಹೋಗ್ತದ" ಅಂದ. ಮುಂಜಾನೆ ಹೋಗದ ದಿನವೂ ಒಂದು ಬರುತ್ತೆ ಅಂತ ಅವನಿಗೆ ಯಾರೂ ಹೇಳಿಲ್ಲ. ಕೆಲಸದ ಜಾಗದಲ್ಲಿ 85 ಡೆಸಿಬಲ್ ಇದ್ದರೆ ದಿನಕ್ಕೆ ಎಂಟು ತಾಸು ಅನ್ನೋದು ತಜ್ಞರು ಹೇಳುವ ಮಿತಿ. ಅಲ್ಲಿಂದ ಪ್ರತಿ ಮೂರು ಡೆಸಿಬಲ್ಲಿಗೆ ಸಮಯ ಅರ್ಧ. 88ಕ್ಕೆ ನಾಲ್ಕು ತಾಸು, 91ಕ್ಕೆ ಎರಡು... ಹೀಗೇ ಇಳಿದರೆ 100ಕ್ಕೆ ಹದಿನೈದೇ ನಿಮಿಷ. ಡಿಜೆ ಗಾಡಿಯ ಮುಂದೆ ನೂರು ಅನ್ನೋದು ಏನೂ ಅಲ್ಲ, ಮೆರವಣಿಗೆ ನಾಲ್ಕೈದು ತಾಸು. ಶಬ್ದಮಾಲಿನ್ಯದ ನಿಯಮ 2000ನೇ ಇಸವಿಯಿಂದಲೇ ಇದೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಬಂದ್. ಮಾತಾಡಿದರೆ ನಾವು ಹಬ್ಬದ ವಿರೋಧಿಗಳು. ನನಗೆ ಹಬ್ಬದ ಮೇಲೆ ಸಿಟ್ಟಿಲ್ಲ ಸ್ವಾಮಿ, ಹತ್ತೊಂಬತ್ತು ವರ್ಷದ ಹುಡುಗನ ಕಿವಿಯ ಮೇಲೆ ಕಾಳಜಿ.

ಆಂಪ್ಲಿಫೈಯರಿನಲ್ಲಿ ವ್ಯಾಟನ್ನೇ ನೋಡಿ ಕೊಳ್ಳುವ ಅಭ್ಯಾಸಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನನ್ನ ಅನಿಸಿಕೆ. ಹಾಡು ನಮಗೆ ಕೇಳಲಿ ಅಂತ ಕೊಳ್ಳುವವನಿಗೆ 30 ವ್ಯಾಟ್ ಸಾಕು. ಪಕ್ಕದ ಓಣಿಗೆ ಕೇಳಲಿ ಅಂತ ಕೊಳ್ಳುವವನಿಗೆ ಎಷ್ಟಿದ್ದರೂ ಸಾಲದು.

ಸರಿ, ಕೊನೆಗೆ ಏನು ಮಾಡಿದೆವು? ಅಪ್ಪನಿಗೆ ಉಸ್ತಾದರ ಹಳೇ ಪೆಟ್ಟಿಗೆಯೇ ಉಳಿಯಿತು. ನಾನೇ ಪಾರ್ಟಿ ಬದಲಿಸಿದೆ. ಕೇಳೋಕೆ ಎರಡೂ ಒಂದೇ ಆದಾಗ ಆಯ್ಕೆ ನಿಲ್ಲೋದು ಬೇರೆ ಪ್ರಶ್ನೆಗಳ ಮೇಲೆ. ಕೆಟ್ಟರೆ ಯಾರು ಬಿಚ್ಚುತ್ತಾರೆ? ಎಷ್ಟು ದೂರ ಹೊರಬೇಕು? ಸುರಪುರದಿಂದ ಬಸ್ ಹತ್ತಿದರೆ ಬುದ್ಧ ಮಲಗಿದ ಬೆಟ್ಟ ಕಾಣುವ ಹೊತ್ತಿಗೆ ಉಸ್ತಾದರ ಅಂಗಡಿ. ನನ್ನ ಮೊದಲನೇ ಕ್ಲಾಸ್ ಡಿ ಡಬ್ಬಿ ಎರಡು ವರ್ಷದ ಹಿಂದೆ ಕೆಟ್ಟಾಗ ಬೆಂಗಳೂರಿನಲ್ಲೇ ಯಾರೂ ಮುಟ್ಟಲಿಲ್ಲ, ಕಸಕ್ಕೆ ಹೋಯಿತು. ಹಾಗಂತ ಕ್ಲಾಸ್ ಡಿ ಕೆಟ್ಟದ್ದಲ್ಲ. ಬಿಸಿಯಾಗೋದು ಕಡಿಮೆ, 42-43 ಡಿಗ್ರಿಯ ನಮ್ಮ ಮೇ ತಿಂಗಳಿಗೆ ಅದು ಸಣ್ಣ ಗುಣವಲ್ಲ. 180 ವೋಲ್ಟಿಗೆ ಇಳಿದರೂ ಒಳ್ಳೆಯ ಅಡಾಪ್ಟರಿಗೆ ಲೆಕ್ಕಕ್ಕಿಲ್ಲ. ಹತ್ತಿರದಲ್ಲಿ ರಿಪೇರಿಯವರು ಯಾರೂ ಇಲ್ಲ ಅನ್ನುವವರು, ಸಿಟಿಯ ಸಣ್ಣ ರೂಮಿನವರು ಧೈರ್ಯವಾಗಿ ಅದನ್ನೇ ತಗೊಳ್ಳಿ. ಒಂದು ಅಡಾಪ್ಟರ್ ಹೆಚ್ಚಿಗೆ ಇಟ್ಟುಕೊಳ್ಳಿ. ದುಡ್ಡು ಉಳಿದರೆ ಸ್ಪೀಕರಿಗೆ ಹಾಕಿ, ಆಂಪಿಗಲ್ಲ. ನನ್ನ ಡಬ್ಬಿಯನ್ನು ಅಳಿಯನ ರೂಮಿಗೆ ಕೊಟ್ಟು ಬಂದೆ. ಸಾವಿರ ವ್ಯಾಟಿನದು ಸದ್ಯಕ್ಕೆ ತಪ್ಪಿತು.

ನನ್ನ ವಾದದಲ್ಲಿ ಒಂದು ತೂತಿದೆ, ನೀವು ಕೇಳುವ ಮೊದಲೇ ಹೇಳಿಬಿಡ್ತೀನಿ. ಉಸ್ತಾದರ ನಂತರ ಯಾರು? ಅವರ ಕೈ ಈಗ ನಡುಗುತ್ತೆ. ಅವತ್ತು ಎರಡನೇ ಟ್ರಾನ್ಸಿಸ್ಟರನ್ನು ಬೆಸೆಯಲು ಆಗದೆ ಕಾವಿಯನ್ನು ಅಳಿಯನ ಕೈಗೆ ಕೊಟ್ಟರು. "ಸೀಸ ಮೊದಲ ಅಲ್ಲ, ಮೊದಲ ಕಾಲು ಕಾಸು" ಅಂತ ಪಕ್ಕದಲ್ಲೇ ಕೂತು ಹೇಳಿಕೊಟ್ಟರು. ಹುಡುಗ ನೀಟಾಗಿಯೇ ಬೆಸೆದ. ಪೆಟ್ಟಿಗೆಯ ಮುಚ್ಚಳದ ಒಳಮೈಗೆ 1996ರಲ್ಲಿ ಪೆನ್ಸಿಲಿನಿಂದ ಬರೆದು ಅಂಟಿಸಿದ್ದ ಸರ್ಕ್ಯೂಟ್ ಚಿತ್ರ ಹಳದಿಯಾಗಿ ಪುಡಿಯಾಗುತ್ತಿತ್ತು. ಅಳಿಯ ಅದನ್ನು ಹೊಸ ಹಾಳೆಗೆ ಇಳಿಸಿ ಮತ್ತೆ ಅಂಟಿಸಿದ. ಒಂದು ರೆಸಿಸ್ಟರಿನ ಬೆಲೆ ತಪ್ಪು ಬರೆದಿದ್ದಕ್ಕೆ ಬೈಸಿಕೊಂಡ :-)

ಮೊನ್ನೆ ಅಪ್ಪ ಫೋನ್ ಮಾಡಿದ್ದರು. ಹಿಂದೆ ಜಂಬಲದಿನ್ನಿಯವರು ಹಾಡ್ತಿದ್ದರು. ಏನು ಸಮಾಚಾರ ಅಂದೆ. "ಏನಿಲ್ಲ, ಹಾಡು ಮುಗೀಲಿ, ಆಮ್ಯಾಲ ಮಾಡ್ತೀನಿ ತಡಿ" ಅಂತ ಇಟ್ಟೇಬಿಟ್ಟರು. ಆಮೇಲೆ ಮಾಡಲೂ ಇಲ್ಲ.

ನಿಮ್ಮೂರಿನಲ್ಲಿ ಇನ್ನೂ ಆಂಪ್ ಕಟ್ಟುವ, ಬಿಚ್ಚುವ ಉಸ್ತಾದರು ಇದ್ದಾರಾ? ಅವರ ಹತ್ತಿರ ಕಲಿಯುವ ಹುಡುಗರು ಇದ್ದಾರಾ? ಇದ್ದರೆ ಖಂಡಿತ ಬರೆಯಿರಿ. ಕ್ಲಾಸ್ ಎಬಿಗೂ ಡಿಗೂ ಭೂಮಿ ಆಕಾಶದ ವ್ಯತ್ಯಾಸ ಇದೆ ಅನ್ನುವವರು ಬೈದರೂ ಬೇಸರವಿಲ್ಲ. ಒಂದೇ ಷರತ್ತು, ಮೊದಲು ಅಡ್ಡಕ್ಕೆ ಒಂದು ಕೌದಿ ಕಟ್ಟಿ ಕೇಳಿ, ಆಮೇಲೆ ಬೈಯಿರಿ!